ಪಿಎಲ್‌ಸಿ ಆರಿಸುವ ಮೊದಲು ಮಷಿನ್ ಮುಂದೆ ನಿಂತು ಎಣಿಸಬೇಕಾದದ್ದು

ಡಿಪ್ಲೊಮಾ ಕೊನೆಯ ವರ್ಷದ ಹುಡುಗರು, ಐಟಿಐ ಮುಗಿಸಿ ಪ್ಯಾನೆಲ್ ಕೆಲಸಕ್ಕೆ ಸೇರಿದವರು ನನ್ನನ್ನು ಮೊದಲು ಕೇಳುವುದು ಇದನ್ನೇ: "ಅಣ್ಣಾ, ಯಾವ ಕಂಪನಿ ಪಿಎಲ್‌ಸಿ ಚಲೋ?" ಪಿಎಲ್‌ಸಿ ಅಂದರೆ ಸೆನ್ಸರ್, ಬಟನ್‌ಗಳ ಸಿಗ್ನಲ್ (ಇನ್‌ಪುಟ್) ಓದಿ, ವಾಲ್ವ್, ಮೋಟಾರ್‌ಗಳಿಗೆ ಆಜ್ಞೆ (ಔಟ್‌ಪುಟ್) ಕೊಟ್ಟು ಮಷಿನ್ ನಡೆಸುವ, ಪ್ಯಾನೆಲ್ ಒಳಗಿನ ಪುಟ್ಟ ಕಂಪ್ಯೂಟರ್. ಹುಬ್ಬಳ್ಳಿಯ ಗೋಕುಲ ರಸ್ತೆಯ ಪ್ಯಾನೆಲ್ ಶಾಪೊಂದರಲ್ಲಿ ಹನ್ನೊಂದು ವರ್ಷದಿಂದ ವೈರಿಂಗ್, ಪ್ರೋಗ್ರಾಮಿಂಗ್ ಎರಡೂ ಮಾಡುತ್ತಿದ್ದೇನೆ. ಆ ಪ್ರಶ್ನೆ ಬಂದಾಗ ನಾನು ತಿರುಗಿ ಮೂರು ಪ್ರಶ್ನೆ ಕೇಳುತ್ತೇನೆ. ಔಟ್‌ಪುಟ್ ನಿಮಿಷಕ್ಕೆ ಎಷ್ಟು ಸಲ ಆನ್-ಆಫ್ ಆಗುತ್ತದೆ? ಸೆನ್ಸರ್‌ನಿಂದ ಬರುವ ಸಿಗ್ನಲ್ ಯಾವ ಜಾತಿಯದು? ರಾತ್ರಿ ಪಾಳಿಯಲ್ಲಿ ಮಷಿನ್ ನಿಂತರೆ ಪ್ಯಾನೆಲ್ ಬಾಗಿಲು ತೆಗೆಯುವವರು ಯಾರು? ಈ ಮೂರಕ್ಕೆ ಉತ್ತರ ಸಿಕ್ಕರೆ ಕಂಪನಿಯ ಆಯ್ಕೆ ಎರಡು ಮೂರು ಹೆಸರಿಗೆ ತಾನಾಗಿ ಇಳಿಯುತ್ತದೆ.

ಇದನ್ನು ನಾನು ಕಲಿತದ್ದು ಬ್ಯಾಡಗಿಯಲ್ಲಿ, ಒಂದು ಮೆಣಸಿನಪುಡಿ ಪ್ಯಾಕಿಂಗ್ ಮಷಿನ್ ಕೆಡಿಸಿಕೊಂಡು. ಶುರುವಿನ ದಿನಗಳು. ರಿಲೇ (ಕರೆಂಟಿನಿಂದ ಕಾಂಟ್ಯಾಕ್ಟ್ ಕೂಡಿಸಿ ಬಿಡಿಸುವ ಸ್ವಿಚ್) ಔಟ್‌ಪುಟ್ ಇರುವ ಪಿಎಲ್‌ಸಿ ಶಾಪಿನಲ್ಲಿ ಸ್ಟಾಕ್ ಇತ್ತು, ಅದನ್ನೇ ಹಾಕಿ ಕಳಿಸಿದೆ. ಏಳನೇ ತಿಂಗಳಿಗೆ ಅಲ್ಲಿಯ ವೈರ್‌ಮ್ಯಾನ್ ಫೋನ್ ಮಾಡಿದರು: "ಸರ, ಕಟರ್ ಹೊಡೀವಲ್ದು. ಔಟ್‌ಪುಟ್ ಲೈಟ್ ಹತ್ತತೈತಿ, ವಾಲ್ವಿಗೆ ಕರೆಂಟ್ ಬರವಲ್ದು." ಲೈಟ್ ಹತ್ತುವುದೆಂದರೆ ಒಳಗಿನ ರಿಲೇಗೆ ಆಜ್ಞೆ ಹೋಗಿದೆ ಎಂದಷ್ಟೇ ಅರ್ಥ, ಕಾಂಟ್ಯಾಕ್ಟ್ ಕೂಡಿದೆ ಎಂದಲ್ಲ. ಪಿಎಲ್‌ಸಿ ಬಿಚ್ಚಿ ನೋಡಿದಾಗ ಆ ರಿಲೇಯ ಕಾಂಟ್ಯಾಕ್ಟ್ ಸುಟ್ಟು ಕರ್ರಗಾಗಿತ್ತು.

ಲೆಕ್ಕ ಹಾಕಿ ನೋಡಿ. ಮಷಿನ್ ನಿಮಿಷಕ್ಕೆ 40 ಪೌಚ್ ಹೊಡೆಯುತ್ತದೆ. ಎಂಟು ಗಂಟೆಗೆ 19,200. ತಿಂಗಳಿಗೆ 25 ದಿನದಂತೆ ಏಳು ತಿಂಗಳಿಗೆ 33 ಲಕ್ಷ ದಾಟುತ್ತದೆ. ಪಿಎಲ್‌ಸಿಯ ರಿಲೇಗೆ ಕ್ಯಾಟಲಾಗ್‌ನಲ್ಲಿ ಸಾಮಾನ್ಯವಾಗಿ ಎರಡು ಆಯುಷ್ಯ ಕೊಟ್ಟಿರುತ್ತಾರೆ: ಪೂರ್ತಿ ಲೋಡ್ ಇದ್ದಾಗ ಸುಮಾರು 1 ಲಕ್ಷ ಸಲ, ಲೋಡ್ ಇಲ್ಲದೆ ಬರೀ ಯಾಂತ್ರಿಕವಾಗಿ ಸುಮಾರು 1 ಕೋಟಿ ಸಲ. ಪೂರ್ತಿ ಲೋಡ್ ಹಾಕಿದ್ದರೆ ಆರನೇ ದಿನಕ್ಕೇ ಅದರ ಆಯುಷ್ಯ ಮುಗಿಯುತ್ತಿತ್ತು. ಕಟರ್ ವಾಲ್ವಿನದು ಸಣ್ಣ ಸೊಲೆನಾಯ್ಡ್ (ಕರೆಂಟ್ ಹರಿದಾಗ ವಾಲ್ವನ್ನು ಎಳೆಯುವ ಕಾಯಿಲ್) ಆದ್ದರಿಂದ ಏಳು ತಿಂಗಳು ಎಳೆಯಿತು. ಸೊಲೆನಾಯ್ಡ್‌ಗೆ ಅಡ್ಡವಾಗಿ ಡಯೋಡ್ ಹಾಕದೆ ಬಿಟ್ಟಿದ್ದೂ ನನ್ನದೇ ತಪ್ಪು. ಕಾಯಿಲ್ ಆಫ್ ಆಗುವಾಗ ಏಳುವ ಕಿಡಿ ಪ್ರತಿ ಸಲವೂ ಕಾಂಟ್ಯಾಕ್ಟನ್ನು ತಿಂದಿದೆ. ಇಂಥ ಕೆಲಸಕ್ಕೆ ಟ್ರಾನ್ಸಿಸ್ಟರ್ ಔಟ್‌ಪುಟ್ಟೇ ಬೇಕು. ಅದರಲ್ಲಿ ಸವೆಯುವ ಕಾಂಟ್ಯಾಕ್ಟ್ ಇಲ್ಲ. ಡಿಸಿ ಮಾತ್ರ, ಅದೂ ಅರ್ಧ ಆಂಪಿಯರ್ ಆಸುಪಾಸು, ಎಂಬ ಮಿತಿ ಇದೆ, ಆದರೆ 24 ವೋಲ್ಟ್ ಡಿಸಿ ವಾಲ್ವಿಗೆ ಅಷ್ಟು ಧಾರಾಳ ಸಾಕು.

ಅದೇ ರಿಲೇಯನ್ನು ಗದಗ ಕಡೆಯ ಹಳ್ಳಿಯ ನೀರಿನ ಪಂಪ್‌ಹೌಸಿಗೆ ಹಾಕಿ. ಪಂಪ್ ದಿನಕ್ಕೆ 20 ಸಲ ಚಾಲೂ ಆದರೂ 1 ಲಕ್ಷಕ್ಕೆ 5,000 ದಿನ, ಅಂದರೆ ಹದಿಮೂರು ವರ್ಷದ ಮೇಲೆ. ಮೇಲಾಗಿ ರಿಲೇ 230 ವೋಲ್ಟ್ ಎಸಿ ಕಾಂಟ್ಯಾಕ್ಟರ್ (ಮೋಟಾರಿಗೆ ಕರೆಂಟ್ ಕೊಡುವ ದೊಡ್ಡ ಸ್ವಿಚ್) ಕಾಯಿಲನ್ನೂ ಎಳೆಯುತ್ತದೆ. ಅಲ್ಲಿ ರಿಲೇಯೇ ಸರಿ. ಒಂದೇ ವಸ್ತು ಬ್ಯಾಡಗಿಯಲ್ಲಿ ತಪ್ಪು, ಗದಗಿನಲ್ಲಿ ಸರಿ.

ಎಣಿಸುವ ಕ್ರಮ

ಅದೇ ಪ್ಯಾಕಿಂಗ್ ಮಷಿನನ್ನು ಈಗ ಹೊಸದಾಗಿ ಮಾಡುವುದಾದರೆ, ನಾನು ನೋಟ್‌ಬುಕ್ ಹಿಡಿದು ಮಷಿನ್ ಸುತ್ತ ಒಂದು ಸುತ್ತು ಬರುತ್ತೇನೆ. ಇನ್‌ಪುಟ್: ಸ್ಟಾರ್ಟ್, ಸ್ಟಾಪ್, ಎಮರ್ಜೆನ್ಸಿಯ ಸೂಚನೆ, ಫಿಲ್ಮ್ ಮೇಲಿನ ಗುರುತು ಓದುವ ಫೋಟೋಸೆಲ್, ಸೀಲಿಂಗ್ ಜಾ (ಪೌಚ್ ಒತ್ತಿ ಅಂಟಿಸುವ ದವಡೆ) ಹೋಮ್‌ಗೆ, ಅಂದರೆ ಶುರುವಿನ ಜಾಗಕ್ಕೆ, ಬಂದದ್ದನ್ನು ಹೇಳುವ ಪ್ರಾಕ್ಸಿಮಿಟಿ ಸೆನ್ಸರ್, ಆಗರ್‌ನ (ಪುಡಿ ಅಳೆದು ಸುರಿಯುವ ಸ್ಕ್ರೂ) ಹೋಮ್ ಪ್ರಾಕ್ಸಿಮಿಟಿ, ಗಾರ್ಡ್ ಸ್ವಿಚ್, ಫಿಲ್ಮ್ ಮುಗಿದದ್ದು, ಗಾಳಿಯ ಒತ್ತಡ, ಡ್ರೈವ್ ಟ್ರಿಪ್. ಹತ್ತು. ಔಟ್‌ಪುಟ್: ಉದ್ದ ಸೀಲ್, ಅಡ್ಡ ಸೀಲ್, ಕಟರ್, ಆಗರ್ ಕ್ಲಚ್, ಹೂಟರ್, ಎರಡು ಹೀಟರ್‌ಗಳ ಎಸ್‌ಎಸ್‌ಆರ್ (ಕಾಂಟ್ಯಾಕ್ಟ್ ಇಲ್ಲದ ಎಲೆಕ್ಟ್ರಾನಿಕ್ ರಿಲೇ), ಫಿಲ್ಮ್ ಎಳೆಯುವ ಸ್ಟೆಪ್ಪರ್ ಮೋಟಾರ್‌ಗೆ ಪಲ್ಸ್ ಮತ್ತು ದಿಕ್ಕು. ಒಂಬತ್ತು. ನಾಲ್ಕನೇ ಒಂದು ಭಾಗ ಹೆಚ್ಚುವರಿ ಇಟ್ಟರೆ 13 ಮತ್ತು 12. ಸೀಮೆನ್ಸ್‌ನ ಎಸ್7-1200 ಸಾಲಿನ 1214ಸಿಯಲ್ಲಿ 14 ಇನ್‌ಪುಟ್, 10 ಔಟ್‌ಪುಟ್ ಇವೆ. ಇನ್‌ಪುಟ್ ಹೊಂದುತ್ತದೆ, ಔಟ್‌ಪುಟ್ ಎರಡು ಕಡಿಮೆ. ಆಗ ಒಂದು ಎಕ್ಸ್‌ಪಾನ್ಷನ್ ಮಾಡ್ಯೂಲ್‌ನ ಬೆಲೆಯನ್ನೂ ಕೊಟೇಶನ್‌ಗೆ ಸೇರಿಸಿಯೇ ಬೇರೆ ಮಾಡೆಲ್ ಜೊತೆ ಹೋಲಿಸಬೇಕು. ಹೆಚ್ಚುವರಿ ಏಕೆ ಅಂದರೆ, ಮಾಲೀಕರು ಆರು ತಿಂಗಳಿಗೆ ತಾರೀಖು ಹಾಕುವ ಕೋಡಿಂಗ್ ಮಷಿನ್ ಕೂಡಿಸಿ ಎನ್ನುತ್ತಾರೆ. ನನ್ನ ಅನುಭವದಲ್ಲಿ ಇದು ತಪ್ಪಿದ್ದೇ ಇಲ್ಲ.

ಎಣಿಕೆಯ ಜೊತೆಗೇ ವೇಗವನ್ನೂ ಬರೆದುಕೊಳ್ಳಿ. ಪೌಚ್ ಉದ್ದ 120 ಮಿಲಿಮೀಟರ್, ಅದನ್ನು ಅರ್ಧ ಸೆಕೆಂಡಿನಲ್ಲಿ ಎಳೆಯುತ್ತೇವೆ ಅನ್ನಿ. ಸೆಕೆಂಡಿಗೆ 240 ಮಿಲಿಮೀಟರ್. ಪಿಎಲ್‌ಸಿ ಇನ್‌ಪುಟ್‌ಗಳನ್ನು ಓದಿ, ಪ್ರೋಗ್ರಾಂ ಓಡಿಸಿ, ಔಟ್‌ಪುಟ್ ಬರೆಯುವ ಒಂದು ಸುತ್ತಿಗೆ 10 ಮಿಲಿಸೆಕೆಂಡ್ ತೆಗೆದುಕೊಂಡರೆ, ಫೋಟೋಸೆಲ್ ಗುರುತು ಕಂಡದ್ದು ಅದಕ್ಕೆ ತಿಳಿಯುವಷ್ಟರಲ್ಲಿ ಫಿಲ್ಮ್ 2.4 ಮಿಲಿಮೀಟರ್ ಮುಂದೆ ಹೋಗಿರಬಹುದು. ಒಂದು ಪೌಚಿಗೆ ಒಂದು ಮಿಲಿಮೀಟರ್, ಇನ್ನೊಂದಕ್ಕೆ ಎರಡು: ಮೆಣಸಿನಕಾಯಿ ಚಿತ್ರ ಅರ್ಧ ಕತ್ತರಿಸಿ ಬರುತ್ತದೆ. ಆದ್ದರಿಂದ ಫೋಟೋಸೆಲ್ಲನ್ನು ಇಂಟರಪ್ಟ್ ಇನ್‌ಪುಟ್‌ಗೆ (ಸುತ್ತು ಮುಗಿಯಲು ಕಾಯದೆ ಕೂಡಲೇ ಸ್ಪಂದಿಸುವ ಇನ್‌ಪುಟ್) ಕೊಡಬೇಕು; ಅಂಥದ್ದು ಇರುವ ಪಿಎಲ್‌ಸಿಯನ್ನೇ ಆರಿಸಬೇಕು.

ಎನ್‌ಕೋಡರ್ (ಶಾಫ್ಟ್ ತಿರುಗಿದಂತೆ ಪಲ್ಸ್ ಕೊಡುವ ಸೆನ್ಸರ್) ಇದ್ದರೆ, ಆ ಪಲ್ಸ್ ಎಣಿಸಲು ಹೈಸ್ಪೀಡ್ ಕೌಂಟರ್ ಬೇಕು. ಸುತ್ತಿಗೆ 1,000 ಪಲ್ಸ್ ಕೊಡುವ ಎನ್‌ಕೋಡರ್ ನಿಮಿಷಕ್ಕೆ 600 ಸುತ್ತು ತಿರುಗಿದರೆ ಸೆಕೆಂಡಿಗೆ 10,000 ಪಲ್ಸ್. 10 ಮಿಲಿಸೆಕೆಂಡ್ ಫಿಲ್ಟರ್ (ಅದಕ್ಕಿಂತ ಚಿಕ್ಕ ಸಿಗ್ನಲ್ಲನ್ನು ಗದ್ದಲವೆಂದು ಬಿಟ್ಟುಬಿಡುವ ವ್ಯವಸ್ಥೆ) ಇರುವ ಸಾದಾ ಇನ್‌ಪುಟ್ ಸೆಕೆಂಡಿಗೆ 50ರ ಮೇಲೆ ಎಣಿಸಲಾರದು. ಹೈಸ್ಪೀಡ್ ಕೌಂಟರ್ ತೆಗೆದುಕೊಂಡ ಮೇಲೂ ಸಾಫ್ಟ್‌ವೇರ್‌ನಲ್ಲಿ ಆ ಇನ್‌ಪುಟ್‌ನ ಫಿಲ್ಟರ್ ಕಡಿಮೆ ಮಾಡದಿದ್ದರೆ ಕೌಂಟ್ ಬರುವುದಿಲ್ಲ. ಹೊಸಬರು ಇಡೀ ದಿನ ವೈರ್ ಬದಲಿಸುತ್ತಾ ಕೂರುವುದು ಇಲ್ಲಿಯೇ.

ಸಿಗ್ನಲ್ಲಿನ ಜಾತಿ

ಪಿಎನ್‌ಪಿ ಸೆನ್ಸರ್ ಸಿಗ್ನಲ್ ವೈರಿಗೆ 24 ವೋಲ್ಟ್ ಕೊಡುತ್ತದೆ. ಎನ್‌ಪಿಎನ್ ಅದೇ ವೈರನ್ನು ಸೊನ್ನೆಗೆ ಎಳೆಯುತ್ತದೆ. ಮಿತ್ಸುಬಿಷಿ ಎಫ್‌ಎಕ್ಸ್3ಯು, ಡೆಲ್ಟಾ ಡಿವಿಪಿ ಮುಂತಾದವುಗಳಲ್ಲಿ ಎಸ್/ಎಸ್ ಅನ್ನುವ, ಇನ್‌ಪುಟ್‌ಗಳಿಗೆ ಕಾಮನ್ ಆದ ಟರ್ಮಿನಲ್ ಇರುತ್ತದೆ. ಅದಕ್ಕೆ 24 ವೋಲ್ಟ್ ಕೊಟ್ಟರೆ ಎನ್‌ಪಿಎನ್ ಸೆನ್ಸರ್, ಸೊನ್ನೆ ಕೊಟ್ಟರೆ ಪಿಎನ್‌ಪಿ ಸೆನ್ಸರ್ ಜೋಡಿಸಬಹುದು. ಒಂದೇ ಕಾಮನ್‌ನ ಗುಂಪಿನಲ್ಲಿ ಎರಡನ್ನೂ ಬೆರೆಸಲು ಬರುವುದಿಲ್ಲ. ಹಳೆ ಮಷಿನ್‌ಗೆ ಹೊಸ ಪಿಎಲ್‌ಸಿ ಹಾಕುವಾಗ ಅದರ ಮೇಲಿರುವ ಸೆನ್ಸರ್‌ಗಳ ಲೇಬಲ್ ಒಂದೊಂದಾಗಿ ಒರೆಸಿ ಓದಿ, ಆಮೇಲೆ ಆರ್ಡರ್ ಹಾಕಿ.

ಪಂಪ್‌ಹೌಸಿನಲ್ಲಿ ಟ್ಯಾಂಕಿನ ಮಟ್ಟ 4–20 ಮಿಲಿಆಂಪಿಯರ್ ಆಗಿ ಬರುತ್ತದೆ. ಖಾಲಿ ಟ್ಯಾಂಕಿಗೆ ಸೊನ್ನೆ ಇಡದೆ 4 ಇಟ್ಟದ್ದು ಎಷ್ಟು ಒಳ್ಳೆಯ ಯೋಚನೆ ನೋಡಿ: ಸೊನ್ನೆ ಬಂದರೆ ಟ್ಯಾಂಕ್ ಖಾಲಿಯಲ್ಲ, ವೈರ್ ತುಂಡಾಗಿದೆ. ಐದು ಮೀಟರ್ ಟ್ಯಾಂಕಿಗೆ 0–20 ಮಿಲಿಆಂಪಿಯರನ್ನು 4,096 ಹಂತಗಳಾಗಿ ಓದುವ 12 ಬಿಟ್ ಮಾಡ್ಯೂಲ್ ಕೂಡ ಸುಮಾರು ಒಂದೂವರೆ ಮಿಲಿಮೀಟರ್ ವ್ಯತ್ಯಾಸ ಗುರುತಿಸುತ್ತದೆ. ನೀರಿಗೆ ಅದಕ್ಕಿಂತ ಹೆಚ್ಚಿನದಕ್ಕೆ ದುಡ್ಡು ಕೊಡಬೇಡಿ. 1214ಸಿಯ ಒಳಗಿರುವ ಎರಡು ಅನಲಾಗ್ ಇನ್‌ಪುಟ್ 0–10 ವೋಲ್ಟಿನವು. 500 ಓಮ್‌ನ ಒಳ್ಳೆಯ ರೆಸಿಸ್ಟರ್ ಅಡ್ಡ ಹಾಕಿದರೆ 4–20 ಅನ್ನುವುದು 2–10 ವೋಲ್ಟ್ ಆಗುತ್ತದೆ, ಒಂದು ಮಾಡ್ಯೂಲಿನ ಖರ್ಚು ಉಳಿಯುತ್ತದೆ.

ಕೋಲ್ಡ್ ಸ್ಟೋರೇಜ್‌ನಲ್ಲಿ ಪಿಟಿ100, ತಾಪಮಾನಕ್ಕೆ ತಕ್ಕಂತೆ ಪ್ರತಿರೋಧ ಬದಲಾಗುವ ಸೆನ್ಸರ್ (ಆರ್‌ಟಿಡಿ). ಸೊನ್ನೆ ಡಿಗ್ರಿಯಲ್ಲಿ 100 ಓಮ್, ಡಿಗ್ರಿಗೆ ಸುಮಾರು 0.385 ಓಮ್ ಏರುತ್ತದೆ. 20 ಮೀಟರ್ ದೂರಕ್ಕೆ 0.5 ಚದರ ಮಿಲಿಮೀಟರ್ ವೈರ್ ಎಳೆದರೆ ಹೋಗಿಬರುವ ತಾಮ್ರವೇ ಸುಮಾರು ಒಂದೂವರೆ ಓಮ್. ಎರಡು ವೈರಿನಲ್ಲಿ ಜೋಡಿಸಿದರೆ ಹತ್ತಿರ ಹತ್ತಿರ ನಾಲ್ಕು ಡಿಗ್ರಿ ಸುಳ್ಳು ತೋರಿಸುತ್ತದೆ. ಮೂರು ವೈರ್ ತೆಗೆದುಕೊಳ್ಳುವ ಆರ್‌ಟಿಡಿ ಮಾಡ್ಯೂಲ್ ಇರುವ ಸಾಲನ್ನೇ ಆರಿಸಿ.

ಹತ್ತಿ ಜಿನ್

ಹತ್ತಿಯಿಂದ ಬೀಜ ಬೇರ್ಪಡಿಸುವ ಜಿನ್ನಿಂಗ್ ಫ್ಯಾಕ್ಟರಿಯ ಪಿಎಲ್‌ಸಿಗೆ ವೇಗ ಬೇಡ, ಇನ್‌ಪುಟ್-ಔಟ್‌ಪುಟ್‌ಗಳ ಸಂಖ್ಯೆ ಬೇಕು. ಮೂವತ್ತು ಮೋಟಾರ್ ಇದ್ದರೆ ಔಟ್‌ಪುಟ್ ಮೂವತ್ತು. ಇನ್‌ಪುಟ್ ಮಾತ್ರ ಅರವತ್ತು, ಏಕೆಂದರೆ ಪ್ರತಿ ಮೋಟಾರಿಗೂ ಕಾಂಟ್ಯಾಕ್ಟರ್ ನಿಜವಾಗಿ ಹಿಡಿದಿದೆಯೇ ಎಂಬುದೊಂದು, ಓವರ್‌ಲೋಡ್ ಟ್ರಿಪ್ ಆಗಿದೆಯೇ ಎಂಬುದೊಂದು. ಪ್ರೆಸ್ ಕಡೆಯ ಕನ್ವೇಯರ್ ಮೊದಲು ಚಾಲೂ, ಹತ್ತಿ ಹಾಕುವ ತುದಿ ಕೊನೆಗೆ. ನಡುವಿನದೊಂದು ನಿಂತರೆ ಅದರ ಹಿಂದಿನವೆಲ್ಲ ಕೂಡಲೇ ನಿಲ್ಲಬೇಕು, ಇಲ್ಲದಿದ್ದರೆ ಹತ್ತಿ ಗಿಡಿದು ಬಿಸಿಯಾಗಿ ಬೆಂಕಿಗೆ ದಾರಿ. ಶೆಡ್ ಉದ್ದ ಇರುವುದರಿಂದ ಆ ತುದಿಯಲ್ಲೊಂದು ರಿಮೋಟ್ ಐ/ಒ (ದೂರದ ಇನ್‌ಪುಟ್-ಔಟ್‌ಪುಟ್) ಬಾಕ್ಸ್ ಇಟ್ಟು ಒಂದೇ ಕೇಬಲ್ ತರುವುದು ವಾಸಿ; ಹಾಗಾಗಿ ರಿಮೋಟ್ ಐ/ಒ ಒಪ್ಪುವ ಸಾಲು ಬೇಕು.

ಎಮರ್ಜೆನ್ಸಿ ಸ್ಟಾಪ್ ಬಗ್ಗೆ ಮಾತ್ರ ಯಾರ ಮಾತಿಗೂ ಮಣಿಯಬೇಡಿ. ಟ್ರಾನ್ಸಿಸ್ಟರ್ ಕೆಟ್ಟರೆ ಆನ್ ಆಗಿಯೇ ಉಳಿಯಬಹುದು, ರಿಲೇ ಕಾಂಟ್ಯಾಕ್ಟ್ ಅಂಟಿಕೊಳ್ಳಬಹುದು. ಆ ಕೆಂಪು ಬಟನ್ ಸೇಫ್ಟಿ ರಿಲೇ ಮೂಲಕ ಕಾಂಟ್ಯಾಕ್ಟರ್‌ಗಳ ಸಪ್ಲೈಯನ್ನೇ ಕಡಿಯಬೇಕು; ಸಾದಾ ಪಿಎಲ್‌ಸಿಗೆ ಸುದ್ದಿ ಮುಟ್ಟಿಸಿದರೆ ಸಾಕು. ರೋಲರ್ ಪಕ್ಕ ಕೈ ಹಾಕಿ ಹತ್ತಿ ಬಿಡಿಸುವ ಹೆಣ್ಣುಮಕ್ಕಳನ್ನು ನೋಡಿದವರಿಗೆ ಇದನ್ನು ಎರಡು ಸಲ ಹೇಳಬೇಕಿಲ್ಲ.

ಬಾಗಿಲು ತೆಗೆಯುವವರು

ಇದು ಮೂರನೇ ಪ್ರಶ್ನೆ: ರಾತ್ರಿ ಬಾಗಿಲು ತೆಗೆಯುವವರಿಗೆ ಪ್ರೋಗ್ರಾಂ ಓದಲು ಬರುತ್ತದೆಯೇ? ಮೊದಲ ಪಿಎಲ್‌ಸಿ ಮಾಡಿದವರಿಗೂ ಈ ಚಿಂತೆ ಇತ್ತು. 1968ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್‌ನ ಹೈಡ್ರಮ್ಯಾಟಿಕ್ ವಿಭಾಗ, ಕಾರಿನ ಮಾಡೆಲ್ ಬದಲಾದಾಗಲೆಲ್ಲ ರಿಲೇ ಪ್ಯಾನೆಲ್‌ಗಳನ್ನು ಹೊಸದಾಗಿ ವೈರ್ ಮಾಡುವುದು ಸಾಕಾಗಿ, ಬೇರೆ ದಾರಿ ಕೇಳಿತು. ಡಿಕ್ ಮಾರ್ಲಿಯವರ ಬೆಡ್‌ಫರ್ಡ್ ಅಸೋಸಿಯೇಟ್ಸ್ 1969ರ ಹೊತ್ತಿಗೆ ಮೋಡಿಕಾನ್ 084 ಕೊಟ್ಟಿತು. ಅದು ಅವರ 84ನೇ ಪ್ರಾಜೆಕ್ಟ್. ಪಿಎಲ್‌ಸಿಗೆ ಪ್ರೋಗ್ರಾಂ ಬರೆಯುವ ಚಿತ್ರಭಾಷೆ ಲ್ಯಾಡರ್; ಅದು ರಿಲೇ ಡ್ರಾಯಿಂಗ್‌ನಂತೆ ಕಾಣುವುದು ಕಾರ್ಖಾನೆಯ ಎಲೆಕ್ಟ್ರಿಷಿಯನ್ ಓದಲಿ ಎಂದೇ. 1993ರಲ್ಲಿ ಬಂದ ಐಇಸಿ 61131-3 ಎಂಬ ಅಂತರರಾಷ್ಟ್ರೀಯ ಮಾನದಂಡ ಪಿಎಲ್‌ಸಿಯ ಐದು ಭಾಷೆಗಳನ್ನು ಗುರುತಿಸಿತು. ಅವುಗಳಲ್ಲಿ ಅಕ್ಷರದಲ್ಲಿ ಬರೆಯುವ ಸ್ಟ್ರಕ್ಚರ್ಡ್ ಟೆಕ್ಸ್ಟ್ ನನಗೂ ಇಷ್ಟ, ಆದರೆ ಹಾವೇರಿ ಜಿಲ್ಲೆಯ ಫ್ಯಾಕ್ಟರಿಗೆ ಕೊಡುವ ಪ್ರೋಗ್ರಾಂನ ಮುಖ್ಯ ಓಟವನ್ನು ನಾನು ಲ್ಯಾಡರ್‌ನಲ್ಲೇ ಬರೆಯುತ್ತೇನೆ.

ಸಾಫ್ಟ್‌ವೇರ್ ಲೈಸೆನ್ಸ್ ಬೆಲೆಯೂ ಈ ಲೆಕ್ಕಕ್ಕೆ ಸೇರುತ್ತದೆ. ಡೆಲ್ಟಾ ಡಿವಿಪಿಯ ಸಾಫ್ಟ್‌ವೇರ್, ಷ್ನೈಡರ್ ಎಂ221ರದ್ದು ಉಚಿತ. ಸೀಮೆನ್ಸ್‌ನ ಟಿಐಎ ಪೋರ್ಟಲ್‌ಗೆ ದುಡ್ಡು ಕೊಡಬೇಕು. ಬಿಡಿಭಾಗ ಹುಬ್ಬಳ್ಳಿಯಲ್ಲೇ ಸಿಗುತ್ತದೆಯೋ, ಬೆಂಗಳೂರಿನಿಂದ ರಾತ್ರಿ ಬಸ್ಸಿಗೆ ಹಾಕಿಸಬೇಕೋ ಎಂದು ಮೊದಲೇ ಫೋನ್ ಮಾಡಿ ಕೇಳಿ. ಪ್ರೋಗ್ರಾಂಗೆ ಪಾಸ್‌ವರ್ಡ್ ಹಾಕಿ ನಾಪತ್ತೆಯಾದವರ ಮಷಿನ್ ಒಂದನ್ನು ನಾನು ಸೊನ್ನೆಯಿಂದ ಬರೆದಿದ್ದೇನೆ. ಸೀಸನ್ ನಡುವೆ ಆ ಮಾಲೀಕರ ಒಂಬತ್ತು ದಿನ ಹಾಳಾದವು. ಬ್ಯಾಕಪ್ ಮತ್ತು ಪಾಸ್‌ವರ್ಡ್ ಮಾಲೀಕರ ಕೈಗೆ ಕೊಟ್ಟು ಸಹಿ ಹಾಕಿಸಿಕೊಳ್ಳಿ.

ಅಭ್ಯಾಸಕ್ಕೆ

ಬ್ಯಾಡಗಿಯ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜ್. ನಾಲ್ಕು ಕೋಣೆ, ಕೋಣೆಗೆ ಮೂರು ಪಿಟಿ100, ಎರಡು ಫ್ಯಾನ್, ಒಂದು ಬಾಗಿಲ ಸ್ವಿಚ್. ಒಟ್ಟು ಎರಡು ಕಂಪ್ರೆಸರ್, ಎರಡಕ್ಕೂ ಪ್ರೆಷರ್ ಟ್ರಿಪ್ ಮತ್ತು ಓವರ್‌ಲೋಡ್ ಟ್ರಿಪ್. ಜನರೇಟರ್ ಇದೆ. ಕರೆಂಟ್ ಹೋಗಿ ಬಂದಾಗ ಎರಡೂ ಕಂಪ್ರೆಸರ್ ಒಟ್ಟಿಗೆ ಏಳಬಾರದು, ನಿಂತ ಕಂಪ್ರೆಸರ್ ಕೂಡಲೇ ತಿರುಗಿ ಏಳಬಾರದು, ಸೆಟ್ ಮಾಡಿದ ತಾಪಮಾನ ಅಳಿಸಿಹೋಗಬಾರದು. ಇನ್‌ಪುಟ್, ಔಟ್‌ಪುಟ್ ಎಣಿಸಿ; ನಾಲ್ಕು ಚಾನೆಲ್‌ನ ಆರ್‌ಟಿಡಿ ಮಾಡ್ಯೂಲ್ ಎಷ್ಟು ಬೇಕು ಬರೆಯಿರಿ; ನೀವು ಆರಿಸಿದ ಸಿಪಿಯು (ಪಿಎಲ್‌ಸಿಯ ಮುಖ್ಯ ಘಟಕ) ಅಷ್ಟು ಮಾಡ್ಯೂಲ್ ಹೊರುತ್ತದೆಯೇ ನೋಡಿ. ರಿಲೇಯೋ ಟ್ರಾನ್ಸಿಸ್ಟರೋ, ಲೆಕ್ಕ ಸಮೇತ ಹೇಳಿ.