ಪಾಸ್‌ವರ್ಡ್ ಸರಿ ಇದೆ, ಜಾಗ ಇಲ್ಲ

ಬೆಳಗಾವಿಯ ಎಂಜಿನಿಯರಿಂಗ್ ಕಾಲೇಜೊಂದರ ಲಿನಕ್ಸ್ ಲ್ಯಾಬ್. ಹುಡುಗಿ ಪಾಸ್‌ವರ್ಡ್ ಹೊಡೆಯುತ್ತಾಳೆ, ಪರದೆ ಒಮ್ಮೆ ಕಪ್ಪಾಗಿ ಮತ್ತೆ ಲಾಗಿನ್‌ಗೇ ಬಂದು ನಿಲ್ಲುತ್ತದೆ. "ಸರ, ಪಾಸ್‌ವರ್ಡ್ ಯಾರೋ ಬದಲಿ ಮಾಡ್ಯಾರ್ರಿ." ಯಾರೂ ಮಾಡಿಲ್ಲ. ಅವಳ ಪಾಲಿನ ಡಿಸ್ಕ್ ಜಾಗ ತೀರಿದೆ; ಡೆಸ್ಕ್‌ಟಾಪ್ ತೆರೆಯುವಾಗ ಹೋಮ್ ಡೈರೆಕ್ಟರಿಯಲ್ಲಿ, ಅಂದರೆ ಅವಳ ಸ್ವಂತ ಫೋಲ್ಡರಿನಲ್ಲಿ, ಬರೆಯಬೇಕಾದ ಪುಟ್ಟ ಫೈಲಿಗೂ ಎಡೆಯಿಲ್ಲ.

ಲಿನಕ್ಸಿಗೆ ಮಾದರಿಯಾದ ಯುನಿಕ್ಸ್ ಎಂಬ ಕಾರ್ಯವ್ಯವಸ್ಥೆಯಲ್ಲಿ ಮೊದಲ ಕಾಲಕ್ಕೆ ಒಬ್ಬೊಬ್ಬರಿಗೆ ಇಷ್ಟೇ ಜಾಗ ಎಂಬ ಈ ಲೆಕ್ಕವೇ ಇರಲಿಲ್ಲ. ಒಬ್ಬ ಡಿಸ್ಕ್ ತುಂಬಿಸಿದರೆ ಎಲ್ಲರ ಕೆಲಸವೂ ನಿಲ್ಲುತ್ತಿತ್ತು. ಮೆಲ್ಬರ್ನ್ ವಿಶ್ವವಿದ್ಯಾಲಯದ ರಾಬರ್ಟ್ ಎಲ್ಜ್ ಬರೆದ ಕೋಟಾ ವ್ಯವಸ್ಥೆ ಯುನಿಕ್ಸ್‌ನ ಒಂದು ಆವೃತ್ತಿಯಾದ 1983ರ 4.2 ಬಿಎಸ್‌ಡಿಯಲ್ಲಿ ಬಂತು, ಮುಂದೆ ಲಿನಕ್ಸೂ ಅದೇ ದಾರಿ ಹಿಡಿಯಿತು. ಲೆಕ್ಕ ನಡೆಯುವುದು ಫೈಲಿನ ಒಡೆಯನ ಹೆಸರಿನಲ್ಲಿ. ಅದಕ್ಕೇ ಬಿಎಸ್‌ಡಿಯಲ್ಲಿ ಒಡೆತನ ಬದಲಿಸುವ ಅಧಿಕಾರ ರೂಟ್‌ಗೆ, ಅಂದರೆ ಯಂತ್ರದ ಮೇಲ್ವಿಚಾರಕನ ಖಾತೆಗೆ, ಮಾತ್ರ. ಇಲ್ಲದಿದ್ದರೆ ಉತಾರ ಗೆಳೆಯನ ಹೆಸರಿಗೆ, ಬೆಳೆ ತನ್ನ ಕಣಕ್ಕೆ ಎಂದಂತಾಗುತ್ತಿತ್ತು.

ಆ ವ್ಯವಸ್ಥೆಯಲ್ಲಿ ಮಿತಿಗಳು ಎರಡು. ಸಾಫ್ಟ್ ಮಿತಿ ದಾಟಿದರೆ ಎಚ್ಚರಿಕೆಯಷ್ಟೇ, ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ 7 ದಿನಗಳ ವಾಯಿದೆ. ಅಷ್ಟರೊಳಗೆ ಫೈಲು ಅಳಿಸಿ ಕೆಳಗಿಳಿದರೆ ಮುಗಿಯಿತು. ಇಳಿಯದಿದ್ದರೆ ಹೊಸದಾಗಿ ಬರೆಯುವಂತಿಲ್ಲ. ಹಾರ್ಡ್ ಮಿತಿಯನ್ನು ಮಾತ್ರ ಒಂದು ಕ್ಷಣವೂ ದಾಟಲಾಗದು. ಜಾಗಕ್ಕೊಂದು, ಫೈಲುಗಳ ಸಂಖ್ಯೆಗೊಂದು ಹೀಗೆ ಬೇರೆ ಬೇರೆ ಲೆಕ್ಕ.

ಲ್ಯಾಬಿಗೆ ಬಂದಾಗ ಈ ವಾಯಿದೆಯೇ ಮಾಯ. ಮಿತಿ ಬರೆಯುವ ಎಡ್‌ಕೋಟಾ ಎಂಬ ಕಮಾಂಡ್ ತೆರೆದು ಸಾಫ್ಟ್, ಹಾರ್ಡ್ ಎರಡೂ ಕಾಲಮ್ಮಿಗೆ ಒಂದೇ ಅಂಕಿ ತುಂಬಿ, ಅದನ್ನೇ ಇಡೀ ತರಗತಿಗೆ ನಕಲು ಮಾಡುವುದು ರೂಢಿ. ಎಚ್ಚರಿಕೆ ಇಲ್ಲ, ವಾರದ ಬಿಡುವೂ ಇಲ್ಲ. ಅಲ್ಲಿನ ಲೆಕ್ಕ 1 ಕೆಬಿ ಬ್ಲಾಕಿನದು: 400 ಎಂಬಿ ಕೊಡಬೇಕೆಂದರೆ 409600 ಎಂದು ಬರೆಯಬೇಕು. ಒಂದು ಕಡೆ ಬರೀ 500 ಹೊಡೆದದ್ದನ್ನು ನಾನೇ ಕಂಡಿದ್ದೇನೆ, ಅಂದರೆ ಅರ್ಧ ಎಂಬಿ! ಫೋನಿನಲ್ಲಿ ತೆಗೆದ ಒಂದು ಫೋಟೊ ಕೂಡ ಅದರಲ್ಲಿ ಹಿಡಿಸದು.

ಜಾಗ ನುಂಗುವವರು ಯಾರು ಎಂಬುದೂ ಕಣ್ಣಿಗೆ ಬೀಳುವುದಿಲ್ಲ. ಹುಡುಗರು ಗಾಬರಿಯಾಗಿ ನಾಲ್ಕು ಕೆಬಿಯ ಸಿ ಪ್ರೋಗ್ರಾಮುಗಳನ್ನು ಅಳಿಸುತ್ತ ಕೂರುತ್ತಾರೆ. ಬ್ರೌಸರ್ ತುಂಬಿಟ್ಟ ಕ್ಯಾಶ್ (ನೋಡಿದ ಪುಟಗಳ ನಕಲು) ಮಾತ್ರ ಹೆಸರು ಚುಕ್ಕೆಯಿಂದ ಶುರುವಾಗುವ, ಸಾಮಾನ್ಯವಾಗಿ ಕಾಣದ ಫೋಲ್ಡರಿನಲ್ಲಿ ಅಡಗಿ ಆರಾಮಾಗಿರುತ್ತದೆ. ಇನ್ನೂ ಕೆಟ್ಟದ್ದು ಸೇವ್ ಮಾಡುವಾಗ ಆಗುವುದು: ಕೆಲವು ಎಡಿಟರುಗಳು ಹಳೆಯದನ್ನು ಖಾಲಿ ಮಾಡಿ ಹೊಸದನ್ನು ಬರೆಯಹೊರಡುತ್ತವೆ. ಜಾಗ ಸಿಗದೆ ಸೊನ್ನೆ ಬೈಟಿನ ಫೈಲು ಉಳಿಯುತ್ತದೆ. ಪರೀಕ್ಷೆಯ ಹಿಂದಿನ ದಿನ ಇದಾದರೆ ಅಳುವುದೊಂದೇ ಬಾಕಿ.

ಲ್ಯಾಬಿನ ಬಾಗಿಲಿಗೆ "ಚಪ್ಪಲಿ ಹೊರಗೆ ಬಿಡಿ" ಎಂಬ ಚೀಟಿ ಇದೆ, ಮಿತಿ ಎಷ್ಟೆಂಬ ಚೀಟಿ ಇಲ್ಲ. ಆ ಹುಡುಗಿಗೆ ಕಂಟ್ರೋಲ್, ಆಲ್ಟ್, ಎಫ್3 ಒತ್ತಿಸಿದೆವು. ಅಕ್ಷರಗಳಷ್ಟೇ ಇರುವ ಆ ಪರದೆಯಲ್ಲಿ ಲಾಗಿನ್ ಆಯಿತು. ಕ್ಯಾಶ್ ಅಳಿಸಿದಳು, ಡೆಸ್ಕ್‌ಟಾಪ್ ತೆರೆಯಿತು.