ಹುಳುಕಡ್ಡಿಗೆ ಹುಳುವಿನ ಸಾಕ್ಷಿ

ಹುಳುಕಡ್ಡಿ ಎಂದು ಬರುವವರಲ್ಲಿ ಅನೇಕರು ಕೇಳುವ ಪ್ರಶ್ನೆ ಒಂದೇ: "ಡಾಕ್ಟ್ರೇ, ಹುಳ ಒಳಗೇ ಐತಾ?" ಕಳೆದ ಮಳೆಗಾಲದಲ್ಲಿ ರಾಮನಗರದ ಕಡೆಯ ಒಬ್ಬ ತಾಯಿಯೂ ಹೀಗೇ ಕೇಳಿದರು. ಸೊಂಟದ ಸುತ್ತ ಉಂಗುರ ಉಂಗುರವಾಗಿ ಹರಡಿದ ಕಲೆ, ಎಂಟು ತಿಂಗಳ ತುರಿಕೆ. ಮೆಡಿಕಲ್ ಸ್ಟೋರಿನಲ್ಲಿ ಕೊಟ್ಟ ಟ್ಯೂಬು ಹಚ್ಚಿದರೆ ನಾಲ್ಕು ದಿನ ತಣ್ಣಗಿರುತ್ತದೆ, ಬಿಟ್ಟರೆ ದುಪ್ಪಟ್ಟಾಗುತ್ತದೆ. ಕಲೆಯ ಅಂಚನ್ನು ಮೊಂಡು ಅಲಗಿನಿಂದ ಕೆರೆದು, ಉದುರಿದ ಹೊಟ್ಟನ್ನು ಪೊಟ್ಯಾಷ್ ದ್ರಾವಣದಲ್ಲಿ ನೆನೆಸಿ, ಮೈಕ್ರೋಸ್ಕೋಪಿನಲ್ಲಿ ಅವರಿಗೇ ತೋರಿಸಿದೆ. ಹುಳು ಇರಲಿಲ್ಲ. ಕವಲೊಡೆದ ಬೂಷ್ಟಿನ ಎಳೆಗಳಿದ್ದವು.

ಅವರದು ರೇಷ್ಮೆ ಸಾಕುವ ಮನೆ. ಕಣ್ಣು ತೆಗೆಯದೆ ನೋಡಿ, "ನಮ್ಮ ಹುಳಕ್ಕೆ ಬರೋ ಸುಣ್ಣಕಟ್ಟು ರೋಗದ ಥರಾನೇ ಐತಲ್ಲ" ಎಂದರು. ಆ ಮಾತನ್ನು ಈಗ ಪಾಠದಲ್ಲೂ ಹೇಳುತ್ತೇನೆ. ಚರ್ಮದ ಶಿಲೀಂಧ್ರಗಳ ಅಧ್ಯಯನ ಶುರುವಾದದ್ದೇ ಆ ಹೋಲಿಕೆಯಿಂದ.

ಇಟಲಿಯ ಲೋಡಿ ಸೀಮೆಯ ಅಗೊಸ್ಟಿನೊ ಬಾಸ್ಸಿ ವರ್ಷಗಟ್ಟಲೆ ಸತ್ತ ರೇಷ್ಮೆಹುಳುಗಳ ಬೆನ್ನು ಹತ್ತಿದ್ದರು. ಹುಳು ಸೆಟೆದು, ಮೈಮೇಲೆ ಬಿಳಿ ಪುಡಿ ಕಟ್ಟುವ ಆ ರೋಗಕ್ಕೆ ಅಲ್ಲಿಯವರು 'ಕಾಲ್ಚಿನೊ' ಎನ್ನುತ್ತಿದ್ದರು. ಆ ಹೆಸರಿನ ಬೇರೂ ಸುಣ್ಣವೇ. ಅದು ಶಿಲೀಂಧ್ರದಿಂದ ಅಂಟುವ ರೋಗ ಎಂದು ಬಾಸ್ಸಿ 1835ರಲ್ಲಿ ಪ್ರಕಟಿಸಿದರು. ಪ್ರಾಣಿಯ ರೋಗಕ್ಕೆ ಸೂಕ್ಷ್ಮಜೀವಿ ಕಾರಣ ಎಂಬುದನ್ನು ಪ್ರಯೋಗದಿಂದ ತೋರಿಸಿದ ಮೊದಲ ಕೆಲಸವೆಂದು ಅದನ್ನು ಗಣಿಸುತ್ತಾರೆ. ಬಾಸ್ಸಿಯ ಕೆಲಸದಿಂದ ಪ್ರೇರಿತರಾದ ವೈದ್ಯ ಷೋನ್ಲೈನ್, ತಲೆಯಲ್ಲಿ ಹಳದಿ ಹಕ್ಕಳೆ ಕಟ್ಟುವ ಫೇವಸ್ ರೋಗದಲ್ಲೂ ಇಂಥದೇ ಏನಾದರೂ ಇದೆಯೇ ಎಂದು ಹುಡುಕಿ, 1839ರಲ್ಲಿ ಶಿಲೀಂಧ್ರವನ್ನು ಕಂಡರು. ಹುಳುವಿನಿಂದ ಮನುಷ್ಯನ ಚರ್ಮಕ್ಕೆ ಬರಲು ನಾಲ್ಕೇ ವರ್ಷ ಸಾಕಾಯಿತು. ಹೆಸರಿನ ನಂಟು ಇನ್ನೂ ಹಳೆಯದು. ನಾವು ಚೀಟಿಯಲ್ಲಿ ಬರೆಯುವ 'ಟಿನಿಯಾ' ಎಂಬ ಲ್ಯಾಟಿನ್ ಪದಕ್ಕೆ ಬಟ್ಟೆ ತಿನ್ನುವ ನುಸಿಹುಳು ಎಂದೇ ಅರ್ಥ. ಆ ಹುಳುವೂ ಈ ಶಿಲೀಂಧ್ರವೂ ಕೆರಟಿನ್ ಎಂಬ ಗಟ್ಟಿ ಪ್ರೋಟೀನನ್ನು ಅರಗಿಸಿಕೊಳ್ಳಬಲ್ಲ ಅಪರೂಪದ ಜೀವಿಗಳು. ಒಂದು ಉಣ್ಣೆಯನ್ನು ತಿಂದರೆ ಇನ್ನೊಂದು ನಮ್ಮ ಚರ್ಮದ ಸತ್ತ ಪದರ, ಕೂದಲು, ಉಗುರುಗಳನ್ನು ತಿನ್ನುತ್ತದೆ.

ಈಗ ದಾರಿ ತಿರುಗಿದೆ. ರೋಗಿಯಿಂದ ಬೆಳೆಸಿದ ಶಿಲೀಂಧ್ರವನ್ನು ಹುಳುವಿನೊಳಗೆ ಬಿಟ್ಟು ನೋಡುತ್ತೇವೆ. ಇದಕ್ಕೆ ಹೆಚ್ಚು ಬಳಕೆಯಾಗುವುದು ಮೇಣದ ಪತಂಗದ ಮರಿಹುಳು, ಶಾಸ್ತ್ರೀಯ ಹೆಸರು ಗ್ಯಾಲೇರಿಯಾ ಮೆಲೊನೆಲ್ಲಾ. ಜೇನು ಸಾಕುವವರಿಗೆ ಇದರ ಪರಿಚಯ ಬೇಡ. ದುರ್ಬಲವಾದ ಪೆಟ್ಟಿಗೆಯೊಳಗೆ ಸೇರಿ, ಎರಿಯ ತುಂಬ ಸುರಂಗ ಕೊರೆದು, ಬಲೆ ನೇಯ್ದು ಹಾಳುಗೆಡಹುವ ಹುಳು ಇದೇ. 2000ದಲ್ಲಿ ಐರ್ಲೆಂಡಿನ ಮೇನೂತಿನ ಕೆವಿನ್ ಕವನಾ ಅವರ ತಂಡ ಕ್ಯಾಂಡಿಡಾದಂಥ ಯೀಸ್ಟುಗಳ ತೀವ್ರತೆ ಅಳೆಯಲು ಇದನ್ನು ಬಳಸುವ ವಿಧಾನವನ್ನು ಪ್ರಕಟಿಸಿತು. 2011ರ ಹೊತ್ತಿಗೆ ಅಮೆರಿಕದ ಸಂಶೋಧಕರು ಹುಳುಕಡ್ಡಿಯ ಶಿಲೀಂಧ್ರಗಳನ್ನೂ ಇದರಲ್ಲಿ ಪರೀಕ್ಷಿಸಿದ್ದರು. ಜಪಾನಿನಲ್ಲಿ ಮಾತ್ರ ರೇಷ್ಮೆಹುಳುವೇ ಆಯ್ಕೆಯಾಯಿತು. ಟೋಕಿಯೊದ ತಂಡವೊಂದು 2002ರಲ್ಲಿ ಬ್ಯಾಕ್ಟೀರಿಯಾ ಸೋಂಕಿನಿಂದ ಶುರುಮಾಡಿ, ಮುಂದೆ ಶಿಲೀಂಧ್ರಗಳಿಗೂ ಅದನ್ನು ವಿಸ್ತರಿಸಿತು.

ಹುಳುವೇ ಏಕೆ? ಅದಕ್ಕೂ ರಕ್ಷಣಾ ವ್ಯವಸ್ಥೆ ಇದೆ. ಅದರ ರಕ್ತದಂಥ ದ್ರವದಲ್ಲಿರುವ ಕಣಗಳು ನಮ್ಮ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳ ಹಾಗೆಯೇ ಶಿಲೀಂಧ್ರದ ಬೀಜಾಣುಗಳನ್ನು ನುಂಗಿ, ಆಮ್ಲಜನಕದ ಉಗ್ರ ರೂಪಗಳನ್ನು ಸುರಿದು ಕೊಲ್ಲುತ್ತವೆ. ಶಿಲೀಂಧ್ರಕ್ಕೆ ದೇಹ ಹೇಗೆ ಎದುರು ನಿಲ್ಲುತ್ತದೆ ಎಂಬುದರ ದೊಡ್ಡ ಸುಳಿವೊಂದು ಸಿಕ್ಕಿದ್ದೂ ಕೀಟದಲ್ಲೇ. 1996ರಲ್ಲಿ ಫ್ರಾನ್ಸಿನ ಜೂಲ್ಸ್ ಹಾಫ್‌ಮನ್ ಅವರ ತಂಡ, 'ಟೋಲ್' ಎಂಬ ಜೀನ್ ಕೆಟ್ಟ ಹಣ್ಣುನೊಣಗಳು ಶಿಲೀಂಧ್ರ ಸೋಂಕಿಗೆ ಸುಲಭವಾಗಿ ಬಲಿಯಾಗುವುದನ್ನು ತೋರಿಸಿತು. 2011ರ ನೊಬೆಲ್‌ನಲ್ಲಿ ಅದಕ್ಕೂ ಪಾಲು ಬಂತು. ಆದರೆ ನೊಣಕ್ಕೆ ನಮ್ಮ ಮೈಯ 37 ಡಿಗ್ರಿ ಬಿಸಿ ತಡೆಯುವುದಿಲ್ಲ, ಮೇಣದ ಹುಳು ತಡೆಯುತ್ತದೆ. ಈ ಗುಣವನ್ನು ಎಲ್ಲರೂ ಹೊಗಳುತ್ತಾರೆ. ಚರ್ಮದ ಶಿಲೀಂಧ್ರಗಳ ಮಟ್ಟಿಗೆ ನನಗೆ ಅದು ಅಷ್ಟು ಮುಖ್ಯ ಅನ್ನಿಸಿಲ್ಲ. ಚರ್ಮದ ಮೇಲ್ಮೈ ಒಳಮೈಗಿಂತ ತಂಪು, ಈ ಶಿಲೀಂಧ್ರಗಳು ಹುಲುಸಾಗುವುದೂ 30 ಡಿಗ್ರಿಯ ಆಸುಪಾಸಿನಲ್ಲೇ. ತಂಪಿನಲ್ಲಿ ಬೆಳೆಯುವ ರೇಷ್ಮೆಹುಳುವೂ ಈ ಕೆಲಸಕ್ಕೆ ಒಗ್ಗುತ್ತದೆ ಎಂದು ನಾನು ವಾದಿಸುವುದು ಇದರಿಂದಲೇ.

ಕೆಲಸ ನೋಡಲು ಸರಳ. ಸುಮಾರು ಕಾಲು ಗ್ರಾಂ ತೂಗುವ, ಕೆನೆಬಣ್ಣದ, ಮೈಮೇಲೆ ಕಪ್ಪು ಚುಕ್ಕೆಯಿಲ್ಲದ ಹುಳುಗಳನ್ನು ಆರಿಸಿಕೊಳ್ಳಬೇಕು. ಹೊಟ್ಟೆಯಡಿಯ ಕೊನೆಯ ಜೋಡಿ ಕಾಲಿನ ಬುಡದಲ್ಲಿ ಸಣ್ಣ ಸೂಜಿ ಚುಚ್ಚಿ, 10 ಮೈಕ್ರೋಲೀಟರಿನಷ್ಟು ಬೀಜಾಣುಗಳ ದ್ರವ ಬಿಡಬೇಕು. ಒಂದು ಗುಂಪಿಗೆ ಬರೀ ಉಪ್ಪುನೀರು, ಇನ್ನೊಂದಕ್ಕೆ ಏನೂ ಇಲ್ಲ. ಆಮೇಲೆ ದಿನಾ ಎಣಿಕೆ: ಎಷ್ಟು ಕಪ್ಪಾದವು, ಮುಟ್ಟಿದರೆ ಎಷ್ಟು ಮಿಸುಕುತ್ತವೆ, ಎಷ್ಟು ಸತ್ತವು. ಕಪ್ಪಾಗುವುದು ಮೆಲನಿನ್‌ನಿಂದ, ಸೋಂಕನ್ನು ಸುತ್ತುಗಟ್ಟಲು ಹುಳು ತಾನೇ ಸುರಿಸುವ ಬಣ್ಣ ಅದು.

ತೊಡಕಿರುವುದು ಸಣ್ಣ ಸಂಗತಿಗಳಲ್ಲಿ. ಹುಳುಕಡ್ಡಿಯ ಶಿಲೀಂಧ್ರ ಕ್ಯಾಂಡಿಡಾದ ಹಾಗೆ ಬಿಡಿ ಬಿಡಿ ಕಣವಾಗಿ ಸಿಗುವುದಿಲ್ಲ. ಎಳೆಗಳು ಹತ್ತಿಯಂತೆ ಹೆಣೆದುಕೊಂಡಿರುತ್ತವೆ. ಸೋಸಿ, ಬೀಜಾಣುಗಳನ್ನಷ್ಟೇ ಎಣಿಸಿ ಕೊಡದಿದ್ದರೆ ಒಂದು ಹುಳುವಿಗೆ ಸಾವಿರ, ಪಕ್ಕದ್ದಕ್ಕೆ ಲಕ್ಷ ಹೋಗಿರುತ್ತದೆ. ಹುಳುಕಡ್ಡಿಗೆ ಕೊಡುವ ಟರ್ಬಿನಾಫಿನ್‌ನಂಥ ಔಷಧಿ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ. ಕರಗಿಸಲು ಬಳಸುವ ದ್ರಾವಕವೇ ಹುಳುವನ್ನು ಬಾಧಿಸಬಹುದು, ಆದ್ದರಿಂದ ಬರೀ ದ್ರಾವಕ ಕೊಟ್ಟ ಗುಂಪೂ ಬೇಕು. ಈ ಶಿಲೀಂಧ್ರಗಳು ನಿಧಾನಿಗಳು. ಕಾಯುತ್ತ ಕೂತರೆ ಹುಳು ಗೂಡು ಕಟ್ಟಿ ಕೋಶವಾಗಿಬಿಡುತ್ತದೆ, ಎಣಿಕೆ ಅಲ್ಲಿಗೆ ನಿಲ್ಲುತ್ತದೆ. ಇನ್ನೊಂದು ಸಂಗತಿಯನ್ನು ಕವನಾ ತಂಡವೇ ತೋರಿಸಿದೆ: ಸೋಂಕಿಗೆ ಮುಂಚೆ ಹುಳುಗಳನ್ನು ಅಲುಗಾಡಿಸಿದರೆ ಅವುಗಳ ರಕ್ಷಣೆ ಎಚ್ಚೆತ್ತು ಕ್ಯಾಂಡಿಡಾವನ್ನು ಹೆಚ್ಚು ತಡೆದುಕೊಳ್ಳುತ್ತವೆ. ಅಂದರೆ ಡಬ್ಬಿ ಕುಲುಕಿದ್ದೂ ಫಲಿತಾಂಶದೊಳಗೆ ಸೇರಿಹೋಗುತ್ತದೆ.

ಇಷ್ಟು ಜತನ ಮಾಡಿದರೂ ಹುಳು ಉತ್ತರಿಸಲಾಗದ ಪ್ರಶ್ನೆಗಳಿವೆ. ನಾನು ಈ ಅಂಕಣ ಬರೆಯಲು ಕಾರಣ ಅದೇ. ಹುಳುವಿನಲ್ಲಿ ಕೆರಟಿನ್ ಇಲ್ಲ, ಅದರ ಹೊರಮೈ ಕೈಟಿನ್‌ನದು. ಹುಳುಕಡ್ಡಿಯ ಶಿಲೀಂಧ್ರ ನಮ್ಮಲ್ಲಿ ಚರ್ಮದ ಸತ್ತ ಪದರದಲ್ಲೇ ಉಳಿಯುತ್ತದೆ, ರಕ್ತಕ್ಕೆ ಇಳಿಯುವುದಿಲ್ಲ. ನಾವೋ ಅದನ್ನು ಸೂಜಿಯಲ್ಲಿ ನೇರ ಹುಳುವಿನ ರಕ್ತಕ್ಕೇ ಬಿಡುತ್ತೇವೆ. ಹಾಗಾಗಿ ಪ್ರಯೋಗದ ಹುಳು ಹೋಲುವುದು ತುರಿಕೆಯ ರೋಗಿಯನ್ನಲ್ಲ, ತೀರಾ ಅಪರೂಪದ ಬೇರೊಬ್ಬ ರೋಗಿಯನ್ನು. ಕಾರ್ಡ್-9 ಎಂಬ ಜೀನ್‌ನ ದೋಷದೊಂದಿಗೆ ಹುಟ್ಟಿದವರಲ್ಲಿ ಇದೇ ಶಿಲೀಂಧ್ರ ಚರ್ಮದಾಳಕ್ಕೆ, ದುಗ್ಧರಸದ ಗ್ರಂಥಿಗಳಿಗೆ (ಲಿಂಫ್ ನೋಡ್) ಇಳಿಯುತ್ತದೆ, ಪ್ರಾಣವನ್ನೂ ತೆಗೆಯಬಲ್ಲದು. ಅಲ್ಜೀರಿಯಾ, ಮೊರಾಕೊ, ಟ್ಯುನೀಷಿಯಾ ಮೂಲದ 8 ಕುಟುಂಬಗಳ 17 ಜನರಲ್ಲಿ ಇದನ್ನು ಗುರುತಿಸಿದ ವರದಿ 2013ರಲ್ಲಿ ಬಂತು. ಒಳಗೆ ನುಗ್ಗಿದ ಶಿಲೀಂಧ್ರವನ್ನು ದೇಹ ಹೇಗೆ ಎದುರಿಸುತ್ತದೆ ಎಂಬ ಪ್ರಶ್ನೆಗೆ ಹುಳು ಒಳ್ಳೆಯ ಸಾಕ್ಷಿ. ತುರಿಕೆ ಏಕೆ, ಕೆಲವರಿಗೆ ವರ್ಷಗಟ್ಟಲೆ ಏಕೆ ಎಂಬುದಕ್ಕೆ ಅಲ್ಲ. ಆ ಕಥೆ ಟಿ-ಕಣಗಳೆಂಬ ನಮ್ಮ ಬಿಳಿ ರಕ್ತಕಣಗಳದ್ದು, ಹುಳುವಿಗೆ ಅವು ಇಲ್ಲ.

ಹಾಗಾದರೆ ನಮಗೆ ಏಕೆ ಬೇಕು? ನಮ್ಮ ದೇಶದ ಹುಳುಕಡ್ಡಿ ಬದಲಾಗಿದೆ. ಹಿಂದೆ ಕೆಲವು ವಾರಗಳಲ್ಲಿ ವಾಸಿಯಾಗುತ್ತಿದ್ದ ರೋಗ ಈಗ ಇಡೀ ಮನೆಯನ್ನೇ ಹಿಡಿದು ಕೂರುತ್ತದೆ. ಜಪಾನಿನ ಸಂಶೋಧಕರು 2020ರಲ್ಲಿ ಅಲ್ಲಿದ್ದ ಭಾರತೀಯ ಮತ್ತು ನೇಪಾಳಿ ರೋಗಿಗಳಿಂದ ಬೇರ್ಪಡಿಸಿದ ಶಿಲೀಂಧ್ರಕ್ಕೆ ಟ್ರೈಕೊಫೈಟನ್ ಇಂಡೋಟಿನಿಯೆ ಎಂದು ಹೆಸರಿಟ್ಟರು. 2023ರಲ್ಲಿ ನ್ಯೂಯಾರ್ಕಿನಿಂದಲೂ ವರದಿಯಾಯಿತು. ಟರ್ಬಿನಾಫಿನ್ ಹಿಡಿಯಬೇಕಾದ ಸ್ಕ್ವಾಲೀನ್ ಎಪಾಕ್ಸಿಡೇಸ್ ಎಂಬ ಕಿಣ್ವದಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾದರೂ ಔಷಧಿ ಕೂರುವುದಿಲ್ಲ. ಅದರ ಜೊತೆಗೆ ಸ್ಟೆರಾಯ್ಡ್ ಬೆರೆತ ಟ್ಯೂಬುಗಳು. ಇವು ಉರಿ ಇಳಿಸುತ್ತವೆ, ಶಿಲೀಂಧ್ರಕ್ಕೆ ಹಾಸಿಗೆ ಹಾಸಿಕೊಡುತ್ತವೆ. 2018ರಲ್ಲಿ ಕೇಂದ್ರ ಸರ್ಕಾರ 14 ಸ್ಟೆರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರದಂತೆ ಮಾಡಿತು. ನನ್ನ ಮುಂದೆ ಬರುವ ಕೈಚೀಲಗಳಲ್ಲಿ ಅಂಥ ಟ್ಯೂಬು ಇನ್ನೂ ಇರುತ್ತದೆ, ಅದನ್ನು ಕಂಡಾಗಲೆಲ್ಲ ಸಂಕಟವಾಗುತ್ತದೆ.

ಹೊಸ ಔಷಧಿ ಬೇಕೇಬೇಕು, ಅದಕ್ಕೊಂದು ಜರಡಿ ಬೇಕು. ಚರ್ಮದ ಶಿಲೀಂಧ್ರಕ್ಕೆ ಹಳೆಯ ಪರೀಕ್ಷೆಯ ಪ್ರಾಣಿ ಗಿನಿ ಹಂದಿ. 1958ರಲ್ಲಿ ಜೆಂಟಲ್ಸ್ ಎಂಬ ವಿಜ್ಞಾನಿ ಗಿನಿ ಹಂದಿಗಳಿಗೆ ಗ್ರೈಸಿಯೋಫುಲ್ವಿನ್ ತಿನ್ನಿಸಿ, ಚರ್ಮದ ರೋಗ ಬಾಯಿಂದ ಕೊಟ್ಟ ಔಷಧಿಗೆ ಬಗ್ಗುವುದನ್ನು ತೋರಿಸಿದರು. ಅದಕ್ಕೆ ನಿಜವಾದ ಚರ್ಮವಿದೆ, ಕೂದಲಿದೆ. ಆದರೆ ನೂರು ಸಂಯುಕ್ತಗಳನ್ನು ನೂರು ಗುಂಪು ಗಿನಿ ಹಂದಿಗಳ ಮೇಲೆ ಪ್ರಯೋಗಿಸಲು ನನಗೆ ಮನಸ್ಸೂ ಇಲ್ಲ, ನೈತಿಕ ಸಮಿತಿ ಒಪ್ಪುವುದೂ ಇಲ್ಲ. ಹುಳು ಮೊದಲ ಸುತ್ತಿನಲ್ಲಿ ಎರಡು ಮಾತು ಹೇಳುತ್ತದೆ: ಈ ವಸ್ತು ಜೀವಂತ ದೇಹಕ್ಕೆ ವಿಷವೇ, ಮತ್ತು ಪ್ರಯೋಗಾಲಯದ ತಟ್ಟೆಯಲ್ಲಿ ಶಿಲೀಂಧ್ರವನ್ನು ಕೊಂದದ್ದು ದೇಹದೊಳಗೂ ಕೊಲ್ಲುತ್ತದೆಯೇ. ಅಲ್ಲಿ ಬಿದ್ದದ್ದನ್ನು ಮುಂದೆ ಒಯ್ಯಬೇಕಿಲ್ಲ. ಗೆದ್ದದ್ದು ಚರ್ಮದ ಹೊರಪದರಕ್ಕೆ ತಲುಪುತ್ತದೆಯೇ ಎಂಬುದಕ್ಕೆ ಪ್ರಯೋಗಾಲಯದಲ್ಲಿ ಬೆಳೆಸಿದ ಮನುಷ್ಯ ಚರ್ಮ, ಕತ್ತರಿಸಿದ ಉಗುರಿನ ಚೂರು, ಕೊನೆಗೆ ಪ್ರಾಣಿ ಮತ್ತು ರೋಗಿಯೇ ಬೇಕು. ಯಾವುದೋ ಸೊಪ್ಪಿನ ಸಾರ ಹುಳುವಿನಲ್ಲಿ ಗೆದ್ದಿತೆಂದು ಸುದ್ದಿ ಓದಿ ಆ ಸೊಪ್ಪನ್ನು ಅರೆದು ತೊಡೆಗೆ ಹಚ್ಚಿ, ಚರ್ಮ ಸುಟ್ಟುಕೊಂಡು ಬಂದವರನ್ನು ನಾನು ನೋಡಿದ್ದೇನೆ. ಸೂಜಿಯಲ್ಲಿ ಹೋದದ್ದಕ್ಕೂ ಚರ್ಮಕ್ಕೆ ಹಚ್ಚಿದ್ದಕ್ಕೂ ಇರುವ ವ್ಯತ್ಯಾಸವನ್ನು ಆ ಸುದ್ದಿ ಹೇಳಿರಲಿಲ್ಲ.

ಕೀಟಗಳ ಪ್ರಯೋಗಕ್ಕೆ ಇಲಿ, ಮೊಲಕ್ಕೆ ಬೇಕಾದಂಥ ಅನುಮತಿ ನಮ್ಮಲ್ಲಿ ಬೇಕಿಲ್ಲ. ಹಾಗೆಂದು ಲೆಕ್ಕವಿಲ್ಲದೆ ಚುಚ್ಚಲು ನಾನು ಬಿಡುವುದಿಲ್ಲ. ಎಷ್ಟು ಹುಳು ಬೇಕು ಎಂದು ಮೊದಲೇ ಬರೆದಿಡುತ್ತೇವೆ, ಚುಚ್ಚುವ ಮುನ್ನ ತಣ್ಣಗೆ ಮಾಡಿ ಮಿಸುಕದಂತೆ ಇಡುತ್ತೇವೆ, ಎಣಿಕೆ ಮುಗಿದ ಮೇಲೆ ಉಳಿದವನ್ನು ಶೈತ್ಯದಲ್ಲಿಟ್ಟು ಮುಗಿಸುತ್ತೇವೆ.

ಆ ತಾಯಿಗೆ ಟ್ಯೂಬು ಬಿಡಿಸಿದೆ. ಕಲ್ಚರಿನಲ್ಲಿ ಬೆಳೆದದ್ದು ಟರ್ಬಿನಾಫಿನ್‌ಗೆ ಬಗ್ಗದ ತಳಿ, ಆದ್ದರಿಂದ ಚಿಕಿತ್ಸೆ ಇಟ್ರಾಕೊನಾಜೋಲ್‌ಗೆ ಬದಲಾಯಿತು. ಕಲೆ ಮಾಯಲು ಬಹಳ ವಾರ ಹಿಡಿಯಿತು. ನಡುವೆ ಒಮ್ಮೆ ಬರಲಾಗಲಿಲ್ಲ. ಅವರ ರೇಷ್ಮೆಹುಳು ನಾಲ್ಕನೇ ಜ್ವರ ಎದ್ದಿದ್ದವು, ಅಂದರೆ ನಾಲ್ಕನೇ ಸಲ ಪೊರೆ ಕಳಚಿದ್ದವು, ಹೊತ್ತು ಹೊತ್ತಿಗೆ ಸೊಪ್ಪು ಹಾಕಬೇಕಿತ್ತು. ಮುಂದಿನ ಸಲ ಬಂದಾಗ ಅವರದೇ ಬೂಷ್ಟನ್ನು ಹುಳುವಿನ ಮೇಲೆ ನೋಡುತ್ತಿದ್ದೇವೆ ಎಂದು ತಿಳಿಸಿ ಡಬ್ಬಿ ತೋರಿಸಿದೆ. ಬಗ್ಗಿ ನೋಡಿ ಅಂದರು: "ಕೈ ತೊಳಕೊಂಡು ಮುಟ್ತೀರಾ? ಗಳಿಗೆಗೊಂದು ಸಲ ಮುಟ್ಟಬ್ಯಾಡಿ, ಹುಳ ಗಾಬರಿ ಆಯ್ತದೆ." ಡಬ್ಬಿಯನ್ನು ಕುಲುಕದೆ ಮೆಲ್ಲಗೆ ಕಪಾಟಿನಲ್ಲಿಟ್ಟೆ.