ಎಲೆ ಉಳಿಯಿತು, ಲೋಟ ಹೋಯಿತು: ಕರಾವಳಿಯ ಉತ್ಸವಗಳಲ್ಲಿ ಪ್ಲಾಸ್ಟಿಕ್ ನಿಯಮ ನಡೆದು ಬಂದ ದಾರಿ

ಮಂಗಳೂರು, ಉಡುಪಿ ಕಡೆಯ ಬ್ರಹ್ಮಕಲಶೋತ್ಸವ, ದೈವಗಳ ನೇಮ, ಜಾತ್ರೆಗಳ ಆಮಂತ್ರಣ ಪತ್ರಿಕೆಯಲ್ಲಿ 'ಪ್ಲಾಸ್ಟಿಕ್ ಮುಕ್ತ' ಎಂಬ ಸಾಲು ಈಗ ಅಪರೂಪವಲ್ಲ. ಅನ್ನಸಂತರ್ಪಣೆ ಮುಗಿದ ಮೇಲೆ ಅಂಗಳಕ್ಕೆ ಹೋಗಿ ನೋಡಿ. ಬಾಳೆ ಎಲೆ, ಅಡಿಕೆ ಹಾಳೆಯ ತಟ್ಟೆಗಳು ಗೊಬ್ಬರದ ಗುಂಡಿ ಸೇರಿರುತ್ತವೆ. ಅರ್ಧ ಕುಡಿದಿಟ್ಟ 200 ಮಿ.ಲೀ. ನೀರಿನ ಬಾಟಲಿಗಳು ಕುರ್ಚಿಗಳ ಕೆಳಗೆ ಬಿದ್ದಿರುತ್ತವೆ. ಸಮಿತಿಯವರು ಸುಳ್ಳು ಹೇಳಿದರು ಎನ್ನುವಂತಿಲ್ಲ. ನಿಷೇಧಿತ ವಸ್ತುಗಳ ಪಟ್ಟಿಯಲ್ಲಿ ಇರುವುದನ್ನು ಅವರು ಬಿಟ್ಟಿದ್ದಾರೆ. ಬಾಟಲಿ ಆ ಪಟ್ಟಿಯಲ್ಲೇ ಇಲ್ಲ.

ಏಕೆ ಇಲ್ಲ ಎಂಬುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ನಮ್ಮಲ್ಲಿ ಪ್ಲಾಸ್ಟಿಕ್ ನಿಯಮ ಹುಟ್ಟಿದ್ದು ಅಂಗಡಿಯ ಕೈಚೀಲವನ್ನು ನೋಡಿ. ಊಟದ ಪಂಕ್ತಿ ಅದರ ಕಣ್ಣಿಗೆ ಬಿದ್ದಿರಲೇ ಇಲ್ಲ. 1999ರ ಕೇಂದ್ರ ನಿಯಮ ಚೀಲದ ದಪ್ಪ ಕನಿಷ್ಠ 20 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗವೇ ಒಂದು ಮೈಕ್ರಾನ್) ಇರಬೇಕು ಎಂದಿತು. 2011ರಲ್ಲಿ ಅದು 40 ಆಯಿತು, 2016ರಲ್ಲಿ 50. ತೆಳು ಚೀಲವನ್ನು ಗುಜರಿಯವರು ಆಯುವುದಿಲ್ಲ, ದಪ್ಪಗಾದರೆ ಬೆಲೆ ಬರುತ್ತದೆ, ಬೆಲೆ ಬಂದರೆ ಯಾರಾದರೂ ಹೆಕ್ಕುತ್ತಾರೆ ಎಂಬುದು ಲೆಕ್ಕಾಚಾರ. ತರ್ಕ ಸರಿಯೇ. ಆದರೆ ಮೈಕ್ರಾನ್ ಅಳೆಯುವ ಉಪಕರಣ ಹಿಡಿದು ಸಂತೆಗೆ ಹೋಗುವವರು ಯಾರು?

ಕರ್ನಾಟಕ ಬೇರೆ ದಾರಿ ಹಿಡಿಯಿತು. 2016ರ ಮಾರ್ಚ್ 11ರ ಅಧಿಸೂಚನೆ ದಪ್ಪದ ಮಾತನ್ನೇ ಕೈಬಿಟ್ಟಿತು. ಕೈಚೀಲದ ಜೊತೆಗೆ ಬ್ಯಾನರ್, ಬಂಟಿಂಗ್ಸ್, ಫ್ಲೆಕ್ಸ್, ಬಾವುಟ, ತಟ್ಟೆ, ಲೋಟ, ಚಮಚ, ಊಟದ ಮೇಜಿಗೆ ಹಾಸುವ ಹಾಳೆ ಇವೆಲ್ಲವನ್ನೂ ನಿಷೇಧಿಸಿತು. ಥರ್ಮಾಕೋಲ್‌ನಿಂದ ಮಾಡಿದವೂ ಅದರಲ್ಲಿ ಸೇರಿದವು. ಪಟ್ಟಿಯನ್ನು ಇನ್ನೊಮ್ಮೆ ಓದಿ: ಅದು ಹೆಚ್ಚುಕಡಿಮೆ ಒಂದು ಉತ್ಸವದ ಸಾಮಾನು ಪಟ್ಟಿ. ಸಾರ್ವಜನಿಕ ಕಾರ್ಯಕ್ರಮಗಳ ಮೇಲೆ ನಿಯಮದ ಕಣ್ಣು ಬಿದ್ದದ್ದು ಇಲ್ಲಿಂದ. ಆದರೆ ಸರಿಯಾಗಿ ಒಂದು ವಾರದ ನಂತರ, ಮಾರ್ಚ್ 18ರಂದು, ಕೇಂದ್ರದ ಹೊಸ ನಿಯಮ 50 ಮೈಕ್ರಾನ್ ಎಂದು ಹೇಳಿತು. ರಾಜ್ಯದ ಪ್ರಕಾರ ಎಲ್ಲ ಚೀಲವೂ ತಪ್ಪು, ಕೇಂದ್ರದ ಪ್ರಕಾರ ದಪ್ಪದ್ದು ಸರಿ. ವ್ಯಾಪಾರಿಗೆ ವಾದಿಸಲು ಇದಕ್ಕಿಂತ ಒಳ್ಳೆಯ ಅವಕಾಶ ಬೇಕೇ? ಇನ್ನು ಫ್ಲೆಕ್ಸ್ ವಿಷಯ ಬಿಡಿ. ಸ್ವಾಗತ ಕೋರುವ ನಾಯಕರ ಮುಖಗಳಿಗೆ ಅಧಿಸೂಚನೆ ತಟ್ಟಿದಂತೆ ಕಾಣುವುದಿಲ್ಲ.

ಅದೇ ವರ್ಷ ಏಪ್ರಿಲ್ 8ರಂದು ಬಂದ ಘನತ್ಯಾಜ್ಯ ನಿರ್ವಹಣಾ ನಿಯಮಗಳಲ್ಲಿ ಹೆಚ್ಚು ಮಂದಿ ಗಮನಿಸದ ಒಂದು ಅಂಶವಿತ್ತು. ಪರವಾನಗಿ ಇಲ್ಲದ ಜಾಗದಲ್ಲಿ 100ಕ್ಕಿಂತ ಹೆಚ್ಚು ಜನ ಸೇರುವ ಕಾರ್ಯಕ್ರಮ ನಡೆಸುವವರು ಕನಿಷ್ಠ ಮೂರು ಕೆಲಸದ ದಿನ ಮೊದಲೇ ಸ್ಥಳೀಯ ಸಂಸ್ಥೆಗೆ ತಿಳಿಸಬೇಕು. ಕಸವನ್ನು ಅಲ್ಲೇ ವಿಂಗಡಿಸಿ ಒಪ್ಪಿಸಬೇಕು. ಗದ್ದೆಯಲ್ಲಿ ನಡೆಯುವ ಯಕ್ಷಗಾನ ಬಯಲಾಟದಿಂದ ಕಂಬಳದವರೆಗೆ ನಮ್ಮ ಎಷ್ಟೋ ಕಾರ್ಯಕ್ರಮಗಳು ಇದರೊಳಗೆ ಬರುತ್ತವೆ. ಮೈಕಿಗೆ ಪೊಲೀಸರ ಅನುಮತಿ, ದೀಪಕ್ಕೆ ಮೆಸ್ಕಾಂನ ತಾತ್ಕಾಲಿಕ ಸಂಪರ್ಕ ಎಂದು ಓಡಾಡುವ ಸಮಿತಿಗಳಿಗೆ ಕಸದ ಬಗ್ಗೆಯೂ ಅರ್ಜಿ ಕೊಡಬೇಕು ಎಂಬುದು ಹೊಳೆಯುವುದೇ ಇಲ್ಲ.

ಕಸ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಮಂಗಳೂರಿಗೆ ತೋರಿಸಿಕೊಟ್ಟದ್ದು 2019ರ ಆಗಸ್ಟ್. ಮಳೆಗೆ ಪಚ್ಚನಾಡಿಯ ತ್ಯಾಜ್ಯದ ಗುಡ್ಡ ಜರಿದು ಕೆಳಗಿನ ಮಂದಾರ ಪ್ರದೇಶದತ್ತ ಹರಿಯಿತು. 27 ಕುಟುಂಬಗಳು ಮನೆ ಬಿಟ್ಟವು. ತೆಂಗು, ಅಡಿಕೆ ತೋಟಗಳು ಕಸದಡಿ ಹೂತುಹೋದವು. ಹಾಳೆ ತಟ್ಟೆಗೆ ಹಾಳೆ ಕೊಡುವ ಮರಗಳು ಪ್ಲಾಸ್ಟಿಕ್ಕಿನ ರಾಶಿಯಲ್ಲಿ ಸೊಂಟದವರೆಗೆ ಮುಳುಗಿ ನಿಂತದ್ದಕ್ಕಿಂತ ಕಟುವಾದ ವ್ಯಂಗ್ಯ ನನಗೆ ಗೊತ್ತಿಲ್ಲ.

2021ರ ಆಗಸ್ಟ್ 12ರಂದು ಕೇಂದ್ರವೂ ವಸ್ತುಗಳ ಪಟ್ಟಿಗೆ ಬಂತು. 2022ರ ಜುಲೈ 1ರಿಂದ ತಟ್ಟೆ, ಲೋಟ, ಚಮಚ, ಸ್ಟ್ರಾ, ಬಾವುಟ, ಸಿಹಿತಿಂಡಿ ಪೆಟ್ಟಿಗೆಗೆ ಸುತ್ತುವ ಹಾಳೆ, 100 ಮೈಕ್ರಾನ್‌ಗಿಂತ ತೆಳುವಾದ ಬ್ಯಾನರ್ ಇವೆಲ್ಲ ದೇಶದಾದ್ಯಂತ ನಿಷಿದ್ಧ. ನೀರಿನ ಬಾಟಲಿ ಮಾತ್ರ ಉತ್ಪಾದಕರು ಮರಳಿ ಸಂಗ್ರಹಿಸಬೇಕಾದ ಪೊಟ್ಟಣಗಳ ಸಾಲಿಗೆ ಹೋಯಿತು. ಕಾಗದದ ಲೋಟದ ಒಳಗೂ ತೆಳುವಾದ ಪ್ಲಾಸ್ಟಿಕ್ ಲೇಪನವಿರುತ್ತದೆ. ಅದನ್ನು ಗುರುತಿಸಿದ ತಮಿಳುನಾಡು 2019ರ ಜನವರಿ 1ರಿಂದಲೇ ಅಂಥ ಲೋಟಗಳನ್ನೂ ನಿಷೇಧಿಸಿತ್ತು. ನಮ್ಮ ಮಜ್ಜಿಗೆ, ಪಾನಕದ ಕಟ್ಟೆಗಳಲ್ಲಿ ಅವೇ ಲೋಟಗಳು 'ಪರಿಸರಸ್ನೇಹಿ' ಎಂಬ ಗೌರವ ಪಡೆದಿವೆ. ಬಾಟಲಿಯಾದರೂ ಕಾರ್ಕಳ ತಾಲ್ಲೂಕಿನ ನಿಟ್ಟೆಯಂಥ ಒಣಕಸ ಘಟಕ ಮುಟ್ಟಿದರೆ ಮಾರಾಟವಾಗುತ್ತದೆ. ಒದ್ದೆಯಾದ ಕಾಗದದ ಲೋಟವನ್ನು ಕೊಳ್ಳುವವರಿಲ್ಲ.

ನನ್ನ ಮಟ್ಟಿಗೆ ಇಡೀ ವಿಷಯದ ಗಂಟು ಇರುವುದು ಪಾತ್ರೆ ತೊಳೆಯುವ ಜಾಗದಲ್ಲಿ. ಎಲೆಯೂಟ ಇಲ್ಲಿ ಎಂದೂ ಹೋಗಿರಲಿಲ್ಲ, ಆದ್ದರಿಂದ ತಟ್ಟೆಯ ನಿಷೇಧ ನಮಗೆ ಕಷ್ಟವಾಗಲಿಲ್ಲ. ಹೋದದ್ದು ಸ್ಟೀಲ್ ಲೋಟ. ಸಾವಿರ ಜನರ ಪಂಕ್ತಿಗೆ ಸಾವಿರ ಲೋಟ, ಎರಡನೇ ಪಂಕ್ತಿಯೊಳಗೆ ಅವನ್ನು ತೊಳೆದು ಒರೆಸಿ ತರಲು ಕೈಗಳು, ತೊಳೆಯಲು ನೀರು, ಅದೂ ಬಾವಿ ತಳ ಕಾಣುವ ಏಪ್ರಿಲ್, ಮೇ ತಿಂಗಳಲ್ಲಿ. ಮೊದಲು ಊರಿನ ಮನೆಗಳವರು ಸರದಿಯಲ್ಲಿ ನಿಲ್ಲುತ್ತಿದ್ದರು. ಈಗ ಬಾಟಲಿಯ ಪೆಟ್ಟಿಗೆಗಳನ್ನು ಯಾರೋ ದಾನಿಗಳು ತಮ್ಮ ಹೆಸರಿನಲ್ಲಿ ಕೊಡುತ್ತಾರೆ. ಲೋಟ ತೊಳೆಯುವ ಕೂಲಿಯನ್ನು ದಾನ ಕೊಡುವವರು ಕಾಣೆ. ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ನಡೆಯುವ ಉಡುಪಿ ಕೃಷ್ಣಮಠದ ಪರ್ಯಾಯ ಉತ್ಸವಕ್ಕೆ ಹೊರೆಕಾಣಿಕೆಯಾಗಿ ಅಕ್ಕಿ, ತೆಂಗಿನಕಾಯಿ, ತರಕಾರಿ ಊರೂರಿನಿಂದ ಬರುತ್ತವೆ. ಲೋಟಗಳೂ ಹಾಗೆ ಬರಬಾರದೇಕೆ?

ದಂಡದ ಸ್ವರೂಪವೂ ಬದಲಾಗಿದೆ. ಪರಿಸರ ಸಂರಕ್ಷಣಾ ಕಾಯ್ದೆಯಡಿ ಐದು ವರ್ಷದವರೆಗಿನ ಜೈಲಿನ ಭಯವಿತ್ತು. 2024ರ ಏಪ್ರಿಲ್ 1ರಿಂದ ಅದು ಹೋಗಿ 10 ಸಾವಿರದಿಂದ 15 ಲಕ್ಷ ರೂಪಾಯಿವರೆಗಿನ ದಂಡ ಬಂದಿದೆ. ಮೊತ್ತ ದೊಡ್ಡದು. ಆದರೆ ನೋಟಿಸ್ ಯಾರಿಗೆ? ಉತ್ಸವ ಸಮಿತಿ ಹುಟ್ಟುವುದು ಉತ್ಸವಕ್ಕಾಗಿ. ಲೆಕ್ಕಪತ್ರ ಮಂಡಿಸಿದ ದಿನ ಅದು ಮುಗಿಯುತ್ತದೆ. ಅಂಗಡಿಗಾದರೆ ಬಾಗಿಲು, ಫಲಕ, ಪರವಾನಗಿ ಇರುತ್ತವೆ. ಉತ್ಸವಗಳ ಋತುವಿಗೆ ತೆರೆ ಎಳೆಯುವ ಪತ್ತನಾಜೆ ಕಳೆದು ಮಳೆ ಹಿಡಿದ ಮೇಲೆ ಗದ್ದೆಯ ಬದುವಿನಲ್ಲಿ ಉಳಿದ ಬಾಟಲಿಗಳಿಗೆ ವಾರಸುದಾರರು ಸಿಗುವುದಿಲ್ಲ. ಹಾಗಾಗಿ ಮೈದಾನ ಕೊಡುವಾಗಲೇ ಠೇವಣಿ ಇರಿಸಿಕೊಂಡು, ಮರುದಿನ ಜಾಗ ನೋಡಿ ಹಿಂತಿರುಗಿಸುವ ಕ್ರಮವೇ ನಗರಸಭೆ, ಪಂಚಾಯಿತಿಗಳ ಕೈಗೆಟಕುವ ಉಪಾಯ. ಅದಕ್ಕೆ ಬೆಂಗಳೂರಿನ ಅಥವಾ ದೆಹಲಿಯ ಹೊಸ ಆದೇಶ ಬೇಕಾಗಿಲ್ಲ, ಬೈಲಾದಲ್ಲಿ ಒಂದು ಷರತ್ತು ಸೇರಿಸಿದರೆ ಆಯಿತು. ಆ ಷರತ್ತಿನಲ್ಲಿ ಬಾಟಲಿಯನ್ನೂ ಹೆಸರಿಸಬಹುದು.